ಮಡಚದೆ ಕತ್ತರಿಸಿದ ರವಿಕೆ

ಮೆಲ್ಕಾರ್ ಪೇಟೆ ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಮಂಗಳೂರು ಕಡೆಯಿಂದ ಬರುವ ಮೀನಿನ ಟೆಂಪೊಗಳು ಹೆದ್ದಾರಿಯುದ್ದಕ್ಕೂ ನೀರು ಚೆಲ್ಲುತ್ತಾ ಓಡುತ್ತಿವೆ. ಮೂಲೆಯ ಹೋಟೆಲಿನ ಶಟರ್ ಅರ್ಧ ಎತ್ತಿದೆ, ಒಳಗೆ ಯಾರೋ ಪಾತ್ರೆ ಎಳೆಯುತ್ತಿದ್ದಾರೆ. ಅದರ ಮೇಲಿನ ಮಹಡಿಯಲ್ಲಿ ಒಂದೇ ಒಂದು ಕಿಟಕಿಗೆ ಬೆಳಕು ಬಂದಿದೆ. ಆ ಕಿಟಕಿಯೊಳಗೆ ಉದ್ದನೆಯ ಮೇಜಿನ ಮುಂದೆ ಚಿತ್ರಾ ನಿಂತಿದ್ದಾರೆ. ಕುತ್ತಿಗೆಗೆ ಅಳತೆ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ, ಕೈಯಲ್ಲಿ ಸವೆದು ಉಗುರಿನಷ್ಟಾದ ಗುರುತು ಚಾಕ್.

ಮೇಜಿನ ಮೇಲೆ ಹತ್ತಿ ಬಟ್ಟೆಯೊಂದು ಒಂದೇ ಪದರವಾಗಿ ಹಾಸಿದೆ. ಹೊಲಿಗೆ ಬಲ್ಲವರು ನೋಡಿದರೆ ಇಲ್ಲೇನೋ ತಪ್ಪಿದೆ ಎಂದುಕೊಳ್ಳಬೇಕು. ರವಿಕೆ ಕತ್ತರಿಸುವವರು ಬಟ್ಟೆಯನ್ನು ನಡುವೆ ಮಡಚುತ್ತಾರೆ, ಒಂದು ಬದಿಗೆ ಗೆರೆ ಎಳೆದು ಎರಡೂ ಪದರಕ್ಕೆ ಒಟ್ಟಿಗೆ ಕತ್ತರಿ ಹಾಕುತ್ತಾರೆ. ಎಡ ಬಲ ಎರಡೂ ತಾನಾಗಿ ಸಮ ಬರುತ್ತವೆ. ಚಿತ್ರಾ ಹಾಗೆ ಮಾಡುತ್ತಿಲ್ಲ. ಬಲಗಡೆಯ ಗೆರೆಗಳನ್ನು ಪೂರ್ತಿ ಎಳೆದು ಮುಗಿಸಿ, ಮೇಜಿನ ಆಚೆ ಬದಿಗೆ ಹೋಗಿ, ಎಡಗಡೆಯನ್ನು ಹೊಸದಾಗಿ ಶುರು ಮಾಡುತ್ತಾರೆ. ಎಡದ ಕಂಕುಳಿನ ತಿರುವು ಬಲದ್ದಕ್ಕಿಂತ ಕೆಳಗೆ ಇಳಿಯುತ್ತದೆ. ಎಡದ ತೋಳು ಅಗಲ.

"ಮಡಚಿದ್ರೆ ಬೇಗ ಆಗ್ತದೆ," ಸೂಜಿಗಳನ್ನು ಬಾಯಿಂದ ತೆಗೆದು ಚಿತ್ರಾ ಹೇಳುತ್ತಾರೆ. "ಆದ್ರೆ ಇದನ್ನು ಮಡಚ್ಲಿಕ್ಕೆ ಆಗುದಿಲ್ಲ. ಇದು ಎರಡು ಕಡೆಯೂ ಒಂದೇ ತರ ಇರುವವರಿಗೆ ಅಲ್ಲ."

ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಂಗಸರಿಗಾಗಿ ಹೊಲಿಯುವ ರವಿಕೆ ಇದು. ಹತ್ತಿರದವರಿಗೆ ಹೊಲಿದೇ ಕೊಡುತ್ತಾರೆ, ದೂರದವರಿಗೆ ಚಿತ್ರಾ ಮಾರುವುದು ರವಿಕೆಯನ್ನಲ್ಲ, ಅದರ ಪ್ಯಾಟರ್ನನ್ನು. ಟೈಲರುಗಳ ಬಾಯಲ್ಲಿ 'ಪೇಪರ್ ಕಟಿಂಗ್'. ಗೆರೆ, ಅಳತೆ, ಹೊಲಿಯುವ ಕ್ರಮ ಎಲ್ಲವೂ ಕಂಪ್ಯೂಟರ್ ಫೈಲಿನಲ್ಲಿರುತ್ತದೆ. ಕರಕುಶಲದ ವಸ್ತುಗಳನ್ನು ಮಾರುವ ಅಂತರ್ಜಾಲ ತಾಣವೊಂದರಲ್ಲಿ ಅದನ್ನು ಕೊಂಡವರು ತಮ್ಮ ಊರಿನಲ್ಲೇ ಮುದ್ರಿಸಿ, ಹಾಳೆಗಳನ್ನು ಅಂಟಿಸಿ, ಬಟ್ಟೆಯ ಮೇಲಿಟ್ಟು ಕತ್ತರಿಸಿಕೊಳ್ಳುತ್ತಾರೆ. ಮಲೇಷ್ಯಾ, ದಕ್ಷಿಣ ಆಫ್ರಿಕಾ, ಇಂಗ್ಲೆಂಡ್, ಹೀಗೆ ಸೀರೆ ಉಡುವವರು ನೆಲೆಸಿರುವ ಊರುಗಳಿಗೆಲ್ಲ ಇದು ಹೋಗಿದೆ. ಕೆಳಗಿನ ಹೋಟೆಲಿನವರಿಗೆ ಈ ಸುದ್ದಿ ಗೊತ್ತಿಲ್ಲ. ಮೆಟ್ಟಿಲ ಬಳಿಯ ಬೋರ್ಡಿನಲ್ಲಿ ಇರುವುದು ಇಷ್ಟೇ: 'ಚಿತ್ರಾ ಟೈಲರ್ಸ್, ಮಹಿಳೆಯರ ಮತ್ತು ಮಕ್ಕಳ ಉಡುಪು. ಫಾಲ್ಸ್ ಹಾಕಿ ಕೊಡಲಾಗುವುದು.'

ಬೆಳಗಾದರೆ ಶಾಲೆಯ ಸಮವಸ್ತ್ರ, ಮದುವೆಯ ರವಿಕೆ, ಜಿಪ್ ಹೋದ ಬ್ಯಾಗು ಹಿಡಿದು ಗಿರಾಕಿಗಳು ಬರುತ್ತಾರೆ. ಅವರು ಬರುವ ಮೊದಲಿನ ಹೊತ್ತು ಈ ಕೆಲಸಕ್ಕೆ ಮೀಸಲು. "ಯಾರಾದ್ರೂ ಮಾತಾಡಿಸಿದ್ರೆ ಕೈ ಹಳೇ ಅಭ್ಯಾಸಕ್ಕೆ ಹೋಗ್ತದೆ," ಎನ್ನುತ್ತಾರೆ ಚಿತ್ರಾ. "ನನಗೆ ಗೊತ್ತಾಗುದರ ಒಳಗೆ ಬಟ್ಟೆ ಮಡಚಿ ಆಗಿರ್ತದೆ."

ಚಿತ್ರಾ ಅವರ ತವರು ಬೆಳ್ತಂಗಡಿ ತಾಲೂಕಿನ ಒಂದು ಗುಡ್ಡದ ಹಳ್ಳಿ. ಮದುವೆಯಾಗಿ ಪಾಣೆಮಂಗಳೂರಿಗೆ ಬಂದರು. ಅಲ್ಲಿ ನದಿಗೆ ಇಳಿಯುವ ಕೆಳಪೇಟೆಯಲ್ಲಿ ಚಿಕ್ಕದೊಂದು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ಗೋಡೆಯ ಮೊಳೆಗಳಿಗೆ ಖಾಕಿ ಕಾಗದದ ಕಟಿಂಗುಗಳನ್ನು ಗೊಂಚಲು ಗೊಂಚಲಾಗಿ ತೂಗುಹಾಕಿರುತ್ತಿದ್ದರು. ಒಂದು ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿ ಅಂಗಡಿಯೊಳಗೆ ಬಂತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಮೆಷಿನ್ ಇದ್ದಲ್ಲೇ ಇತ್ತು. ಕೆಸರು ತೊಳೆದು ಎಣ್ಣೆ ಬಿಟ್ಟ ಮೇಲೆ ಅದು ಓಡಿತು ಕೂಡ. ಕಾಗದಗಳು ಮಾತ್ರ, ನಾಲ್ಕಾರನ್ನು ಬಿಟ್ಟು, ಗಂಜಿಯ ಹಾಗೆ ಗೋಡೆಗೆ ಮೆತ್ತಿಕೊಂಡಿದ್ದವು.

"ಮೆಷಿನ್ ಹೋಗಿದ್ರೆ ಸಾಲ ಮಾಡಿಯಾದ್ರೂ ಇನ್ನೊಂದು ತರ್ಬಹುದಿತ್ತು. ಈ ಕಾಗದ ಎಲ್ಲಿ ಸಿಗ್ತದೆ? ಅದೆಲ್ಲ ಒಬ್ಬೊಬ್ಬರ ಮೈ ನೋಡಿ ಕತ್ತರಿಸಿದ್ದು," ಎನ್ನುತ್ತಾರೆ ಅವರು.

ಆಮೇಲೆ ನೀರಿನ ಗೊಡವೆ ಬೇಡವೆಂದು ಮೆಲ್ಕಾರಿನ ಈ ಮಹಡಿಗೆ ಬಂದರು. ಪಕ್ಕದ ಕೋಣೆಯಲ್ಲಿ ಹಫ್ಸ ಎಂಬ ಯುವತಿಯ ಟೈಪಿಂಗ್ ಮತ್ತು ಪ್ರಿಂಟಿಂಗ್ ಅಂಗಡಿ ಇದೆ. ಕಾಲೇಜಿನವರ ಪ್ರಾಜೆಕ್ಟು, ಮದುವೆಯ ಕಾಗದ, ಅರ್ಜಿ ನಮೂನೆ ಎಲ್ಲವೂ ಅಲ್ಲಿ ಆಗುತ್ತದೆ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಕೆಲಸ ಹಫ್ಸಾಳಿಗೆ ಚೆನ್ನಾಗಿ ಗೊತ್ತು. ಉಳಿದ ನಾಲ್ಕಾರು ಕಟಿಂಗುಗಳನ್ನು ಚಿತ್ರಾ ಬಿಸಿಲಿಗೆ ಹಾಕುತ್ತಿದ್ದುದನ್ನು ಅವಳು ನೋಡಿದಳು.

"ಚಿತ್ರಕ್ಕ, ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿಡುವ. ಮತ್ತೆ ಎಷ್ಟು ನೀರು ಬಂದ್ರೂ ಎಂತದೂ ಆಗುದಿಲ್ಲ," ಎಂದಳು.

ಹಾಕಿಟ್ಟರು. ಮಕ್ಕಳ ಫ್ರಾಕು, ಲಂಗದ ರವಿಕೆ, ಅಡುಗೆ ಮನೆಯ ಏಪ್ರನ್. ಇಂತಹ ಫೈಲುಗಳನ್ನು ಮಾರುವ ಜಾಗ ಇಂಟರ್ನೆಟ್ಟಿನಲ್ಲಿ ಇದೆಯೆಂದು ಹುಡುಕಿ ತಂದವಳೂ ಹಫ್ಸಾಳೇ. ಚಿತ್ರಾ ಅವರಿಗೆ ನಂಬಿಕೆ ಬರಲಿಲ್ಲ. "ಬಟ್ಟೆ ಇಲ್ಲ, ಹೊಲಿಗೆ ಇಲ್ಲ, ಬರೀ ಗೆರೆ. ಗೆರೆಗೆ ಯಾರು ದುಡ್ಡು ಕೊಡ್ತಾರೆ ಮಾರಾಯ್ತಿ ಅಂತ ಕೇಳಿದ್ದೆ. ಒಂದು ದಿನ ಯಾರೋ ಕೊಟ್ಟೇಬಿಟ್ಟರು. ಸಿಂಗಾಪುರದವರಂತೆ. ಲಂಗದ ರವಿಕೆಗೆ." ಬಂದದ್ದನ್ನು ಇಬ್ಬರೂ ಹಂಚಿಕೊಳ್ಳುವುದೆಂದು ಮಾತಾಯಿತು. ಅಲ್ಲಿಂದ ವಾರಕ್ಕೆ ಒಂದೋ ಎರಡೋ ಹೋಗುತ್ತಿದ್ದವು, ಕೆಲವು ವಾರ ಒಂದೂ ಇಲ್ಲ. ಅದು ಹಾಗೆಯೇ ಸಣ್ಣದಾಗಿ ನಡೆದುಕೊಂಡು ಹೋಗುತ್ತಿತ್ತು.

ಅದೇ ವರ್ಷ ಚಿತ್ರಾ ಅವರ ಅತ್ತಿಗೆ, ಅಂದರೆ ತವರಿನ ಅಣ್ಣ ಚನಿಯಪ್ಪ ಅವರ ಹೆಂಡತಿ ಕಾವೇರಮ್ಮ, ಮಂಗಳೂರಿನ ಆಸ್ಪತ್ರೆಯಲ್ಲಿ ಎಡಗಡೆಯ ಸ್ತನ ತೆಗೆಸಿಕೊಂಡರು. ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ಚಿಕಿತ್ಸೆ ಮುಗಿಯಿತು, ಉದುರಿದ ಕೂದಲು ಬಂತು, ಊಟ ಸೇರತೊಡಗಿತು. ಇನ್ನು ಎಲ್ಲ ಸರಿಹೋಯಿತು ಎಂದು ಮನೆಯವರು ನಿಟ್ಟುಸಿರು ಬಿಟ್ಟರು. ಆದರೆ ಕಾವೇರಮ್ಮ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಮೊದಲು ಬೆಳಿಗ್ಗೆ ಹಾಲಿನ ಸೊಸೈಟಿಗೆ ತಾವೇ ಹೋಗುತ್ತಿದ್ದವರು, ಮದುವೆ ಮುಂಜಿಗಳಲ್ಲಿ ಮುಂದೆ ನಿಂತು ಬಡಿಸುತ್ತಿದ್ದವರು, ಈಗ ನೈಟಿಯ ಮೇಲೆ ಗಂಡನ ಅಂಗಿ ಹಾಕಿಕೊಂಡು ಒಳಕೋಣೆಯಲ್ಲಿ ಇರುತ್ತಿದ್ದರು. ಅಂಗಳದಲ್ಲಿ ಬೈಕಿನ ಸದ್ದಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸುಸ್ತು ಇನ್ನೂ ಹೋಗಿಲ್ಲ ಎಂದು ಚನಿಯಪ್ಪ ಬಂದವರಿಗೆ ಹೇಳುತ್ತಿದ್ದರು.

ಚಿತ್ರಾ ತಮಗೆ ತಿಳಿದ ದಾರಿ ಹಿಡಿದರು. ಅತ್ತಿಗೆಯ ಹಳೆಯ ಅಳತೆ ಕೈಗೆ ಬಾಯಿಪಾಠವಾಗಿತ್ತು. ಅದೇ ಅಳತೆಗೆ ಹಸಿರು ಬಣ್ಣದ ರವಿಕೆ ಹೊಲಿದು, ಎಡಗಡೆ ಒಳಗಿನಿಂದ ಸ್ಪಂಜು ತುಂಬಿಸಿ, ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗದ ಹಾಗೆ ಮಾಡಿ ಕೊಟ್ಟರು. ಕಾವೇರಮ್ಮ ಹಾಕಿ ತೋರಿಸಿದರು, ಚೆನ್ನಾಗಿದೆ ಎಂದರು, ಕಾಫಿ ಕೊಟ್ಟರು. ಮುಂದಿನ ಸಲ ಚಿತ್ರಾ ಇನ್ನೂ ಮೆತ್ತನೆಯ ಸ್ಪಂಜು ತಂದು ಇನ್ನೊಂದು ಹೊಲಿದರು. ಅದೂ ಚೆನ್ನಾಗಿದೆ ಎಂದೇ ಆಯಿತು. ಮೂರನೆಯ ಸಲ ಹೋದಾಗ ಯಾವುದೋ ಬೆಡ್‌ಶೀಟ್ ಹುಡುಕಲು ಕಪಾಟು ತೆರೆದರೆ ಎರಡೂ ರವಿಕೆಗಳು ಇಸ್ತ್ರಿಯ ಗೆರೆ ಮುರಿಯದೆ, ನುಸಿಗುಳಿಗೆಯ ಜೊತೆ ಕುಳಿತಿದ್ದವು.

"ಯಾಕೆ ಅತ್ತಿಗೆ, ಹಾಕುದಿಲ್ವಾ?" ಎಂದು ಚಿತ್ರಾ ಕೇಳಿದರು.

ಕಾವೇರಮ್ಮ ಎಡಗೈಯನ್ನು ಎತ್ತಲು ಹೋಗಿ ಭುಜದ ಮಟ್ಟಕ್ಕೆ ನಿಲ್ಲಿಸಿದರು. ಕೈ ಮೊಣಕೈಯಿಂದ ಮೇಲೆ ಬಾತಿತ್ತು. ರವಿಕೆಯ ತೋಳು ಅಲ್ಲಿ ಕಚ್ಚುತ್ತದೆ, ಕಂಕುಳಿನ ಹೊಲಿಗೆ ಸರಿಯಾಗಿ ಗಾಯದ ಕಲೆಯ ಮೇಲೆಯೇ ಉಜ್ಜುತ್ತದೆ, ಸ್ಪಂಜು ಬೆವರಿಗೆ ಒದ್ದೆಯಾಗಿ ಜಗ್ಗುತ್ತದೆ ಎಂದರು. "ನೀನು ಪ್ರೀತಿಯಿಂದ ತಂದಿ. ಬೇಡ ಅಂತ ಹೇಗೆ ಹೇಳುದು? ಆದ್ರೆ ಚಿತ್ರಾ, ಇದು ನೋಡುವವರಿಗೆ ಹೊಲಿದದ್ದು. ಹಾಕುವವಳಿಗೆ ಅಲ್ಲ. ನನಗೆ ಎಂತ ಬೇಕು ಅಂತ ನೀನು ಒಮ್ಮೆಯೂ ಕೇಳ್ಲಿಲ್ಲ."

ಆ ಮಾತನ್ನು ಚಿತ್ರಾ ಈಗ ಯಾವ ಏರಿಳಿತವೂ ಇಲ್ಲದೆ ಹೇಳುತ್ತಾರೆ. ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದರಂತೆ. "ಅಳು ಅಂತ ಅಲ್ಲ. ನಾಚಿಕೆ. ಇಷ್ಟು ವರ್ಷ ಹೊಲಿದವಳು, ಮೈ ಬದಲಾದ ಮೇಲೆ ಅಳತೆ ಬದಲಾಗ್ತದೆ ಅಂತ ಗೊತ್ತಾಗ್ಲಿಲ್ಲ ನನಗೆ."

ಮುಂದಿನ ಭಾನುವಾರ ಟೇಪು ಹಿಡಿದು ಹೋದರು. ಬಲಗೈ ಬೇರೆ, ಎಡಗೈ ಬೇರೆ ಅಳೆದರು. ಕೈ ಎತ್ತಿದಾಗ ಒಮ್ಮೆ, ಬಗ್ಗಿದಾಗ ಒಮ್ಮೆ ಅಳೆದರು. ಕಲೆ ಎಲ್ಲಿಂದ ಎಲ್ಲಿಯವರೆಗೆ ಇದೆಯೆಂದು ಕಾವೇರಮ್ಮನೇ ಬೆರಳಿನಿಂದ ತೋರಿಸಿದರು. ಸ್ಪಂಜು ಬೇಕೋ ಬೇಡವೋ ಎಂದು ಈ ಸಲ ಚಿತ್ರಾ ಕೇಳಿದರು.

"ಬೇಡ," ಎಂದರು ಕಾವೇರಮ್ಮ. "ಇಲ್ಲದ್ದು ಇಲ್ಲ. ಇದ್ದ ಹಾಗೆ ಹೊಲಿ."

ಅಂಗಡಿಗೆ ಬಂದು ಬಟ್ಟೆ ಹಾಸಿದಾಗ ಕೈ ತನ್ನಷ್ಟಕ್ಕೆ ಅದನ್ನು ಮಡಚಿತು. ಮೊದಲ ತುಂಡು ಹಾಗೆ ಹಾಳಾಯಿತು. ಎರಡನೆಯದರಲ್ಲಿ ತೋಳು ಅಗಲವಾದರೂ ಕೈ ಎತ್ತಿದರೆ ರವಿಕೆ ಸೊಂಟದಿಂದ ಮೇಲೇಳುತ್ತಿತ್ತು. ಕೊನೆಗೆ ಎಡ ಕಂಕುಳಿನಲ್ಲಿ ಒಂದು ಚೌಕ ತುಂಡನ್ನು ಓರೆಯಾಗಿ ಸೇರಿಸಿ, ಹೊಲಿಗೆಯನ್ನು ಕಲೆಯಿಂದ ಹಿಂದಕ್ಕೆ ಸರಿಸಿ, ಒಳಗೆ ಹಳೆಯ ಧೋತಿಯಷ್ಟು ಮೆತ್ತನೆಯ ಮಲ್ ಬಟ್ಟೆ ಕೊಟ್ಟರು. ಎದೆಗೆ ಉಬ್ಬು ಕೊಡುವ ಮಡಿಕೆ ಹೊಲಿಗೆಯನ್ನು ಬಲಗಡೆ ಮಾತ್ರ ಇಟ್ಟು ಎಡಗಡೆಯನ್ನು ಚಪ್ಪಟೆಯಾಗಿ ಬಿಟ್ಟರು. ಕಾವೇರಮ್ಮ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲಲಿಲ್ಲ. ಸೀದಾ ಅಂಗಳಕ್ಕೆ ಹೋಗಿ ಬುಟ್ಟಿಯಲ್ಲಿದ್ದ, ತೋಟದ ಒದ್ದೆ ರಬ್ಬರ್ ಶೀಟುಗಳನ್ನು ಒಂದೊಂದಾಗಿ ತಂತಿಯ ಮೇಲೆ ಒಣಹಾಕಿದರು. ಎಲ್ಲ ಹಾಕಿ ಮುಗಿಸಿ ಒಳಗೆ ಬಂದು, "ಇನ್ನೆರಡು ಹೊಲಿ," ಎಂದರು.

ಇದನ್ನೂ ಫೈಲು ಮಾಡುವ ಎಂದವಳು ಹಫ್ಸ. ಚಿತ್ರಾ ಮೊದಲು ಅತ್ತಿಗೆಯ ಒಪ್ಪಿಗೆ ಕೇಳಿದರು. ಈ ಪಾಠ ಅವರಿಗೆ ಆಗಿತ್ತು. ಬೇರೆ ಬೇರೆ ಅಳತೆಗೆ ಹೊಲಿದು ನೋಡಿ, ಸ್ಪಂಜು ಬೇಕೆನ್ನುವವರಿಗೆ ಒಳಜೇಬು ಇರುವ ಇನ್ನೊಂದು ಬಗೆಯನ್ನೂ ಸೇರಿಸಿ, ಹೊಲಿಯುವ ಕ್ರಮವನ್ನು ಹಫ್ಸ ಇಂಗ್ಲಿಷಿನಲ್ಲಿ ಬರೆದು, ಯಾರಿಗೆ ಇದು ಎಂಬುದನ್ನು ಬಿಡಿಸಿ ಹೇಳಿ, ತಾಣದಲ್ಲಿ ಏರಿಸಿದರು. ಮರುದಿನ ನೋಡಿದರೆ ಅದು ಅಲ್ಲಿರಲಿಲ್ಲ. ಒಂದು ಮೇಲ್ ಬಂದಿತ್ತು. ಕಾಯಿಲೆಯ ಹೆಸರು ಹೇಳಿ ವೈದ್ಯಕೀಯ ವಸ್ತುಗಳನ್ನು ಮಾರುವುದು ನಿಯಮಕ್ಕೆ ವಿರುದ್ಧ, ಆದ್ದರಿಂದ ತೆಗೆದಿದ್ದೇವೆ ಎಂಬ ಒಕ್ಕಣೆ. ಹಫ್ಸ ಬರೆದ ಉತ್ತರಕ್ಕೆ ಅದೇ ಮೇಲ್ ಮತ್ತೊಮ್ಮೆ ಬಂತು.

"ಅಲ್ಲಿ ಓದುದು ಮನುಷ್ಯರಲ್ಲ ಚಿತ್ರಕ್ಕ, ಮೆಷಿನ್," ಎಂದಳು ಹಫ್ಸ. "ಶಬ್ದ ನೋಡ್ತದೆ, ತೆಗೀತದೆ."

ಕಾಯಿಲೆಯ ಹೆಸರು ತೆಗೆದು, ಆಪರೇಶನ್ನಿನ ಮಾತು ತೆಗೆದು, 'ಆರಾಮದ ರವಿಕೆ' ಎಂದು ಬರೆದು ಮತ್ತೆ ಹಾಕಿದರು. ಈ ಸಲ ಯಾರೂ ತೆಗೆಯಲಿಲ್ಲ. ಯಾರೂ ಕೊಳ್ಳಲೂ ಇಲ್ಲ. ಬೇಕಾದವರು ಹುಡುಕುವುದು ಆ ಕಾಯಿಲೆಯ ಹೆಸರು ಹಿಡಿದೇ. ಅದನ್ನು ಬರೆದರೆ ತಾಣದಲ್ಲಿ ಜಾಗವಿಲ್ಲ, ಬರೆಯದಿದ್ದರೆ ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ. ಚಿತ್ರದಲ್ಲಾದರೂ ತಿಳಿಯುತ್ತದೆಯೇ ಎಂದರೆ ಅದಕ್ಕೆ ರವಿಕೆ ತೊಡಿಸಿದ್ದು ಅಂಗಡಿಯ ಬಟ್ಟೆಗೊಂಬೆಗೆ. ಗೊಂಬೆಗೆ ಎರಡೂ ಕಡೆ ಎದೆ ಇದೆ, ಕೈಗಳಿಲ್ಲ, ತಲೆಯೂ ಇಲ್ಲ. ಎಡಗಡೆ ಬಟ್ಟೆ ಬಿಗಿದು ಸುಕ್ಕುಗಟ್ಟಿ, ಹೊಲಿಯಲು ಬಾರದವರು ಹೊಲಿದ ಹಾಗೆ ಕಾಣುತ್ತಿತ್ತು. ಯಾರೋ ಒಬ್ಬರು ಕೆಳಗೆ ಹಾಗೆಯೇ ಬರೆದೂ ಬಿಟ್ಟರು. ಹಫ್ಸ ಅದನ್ನು ಓದಿ ಹೇಳಿದಾಗ ಚಿತ್ರಾ, "ಸಾಕು, ಇದನ್ನು ಬಿಡುವ. ಫ್ರಾಕು ಉಂಟಲ್ಲ," ಎಂದರು.

ಅತ್ತಿಗೆಗೆ ಫೋನಿನಲ್ಲಿ ಇದನ್ನು ಹೇಳಿದ್ದು ಬರೀ ಸುದ್ದಿಗಾಗಿ. ಕಾವೇರಮ್ಮ ಆ ಗೊಂಬೆಯ ಫೋಟೋ ಕಳಿಸಲು ಹೇಳಿದರು. ನೋಡಿ ಅರ್ಧ ತಾಸಿನಲ್ಲಿ ತಿರುಗಿ ಫೋನ್ ಮಾಡಿದರು.

"ಗೊಂಬೆಗೆ ಆಪರೇಶನ್ ಆಗಿದೆಯಾ?"

"ಇಲ್ಲ ಅತ್ತಿಗೆ."

"ಮತ್ತೆ ಅದಕ್ಕೆ ಯಾಕೆ ಹಾಕಿದ್ದು? ಭಾನುವಾರ ಆ ಹುಡುಗಿಯನ್ನು ಕರ್ಕೊಂಡು ಬಾ. ನನ್ನ ಫೋಟೋ ತೆಗೀರಿ."

ಭಾನುವಾರ ಹಫ್ಸ ಕ್ಯಾಮೆರಾ ಹಿಡಿದು ಬಂದಳು. ಚನಿಯಪ್ಪ ಜಗಲಿಯಲ್ಲಿ ಕುಳಿತಿದ್ದರು. ಅವರು ಹೆಚ್ಚು ಮಾತಿನವರಲ್ಲ. ಆದರೆ ಅವತ್ತು, "ಇದು ಬೇಡ. ಮನೆಯವರಿಗೆ ಗೊತ್ತಿದ್ರೆ ಸಾಕು. ಲೋಕ ಇಡೀ ನೋಡುದು ಬೇಡ," ಎಂದು ನೆಲ ನೋಡುತ್ತಾ ಹೇಳಿದರು. ಹಫ್ಸ ಕ್ಯಾಮೆರಾವನ್ನು ಚೀಲಕ್ಕೆ ಹಾಕಲು ಹೊರಟಳು. ಚಿತ್ರಾ ಅಣ್ಣನ ಮುಖ ನೋಡಿದರು, ಅತ್ತಿಗೆಯ ಮುಖ ನೋಡಿದರು.

ಕಾವೇರಮ್ಮ ಬಾಗಿಲ ದಾರಂದವನ್ನು ಹಿಡಿದುಕೊಂಡು ನಿಂತರು. "ಲೋಕ ಈಗಲೂ ನೋಡ್ತಾ ಉಂಟು," ಎಂದರು. "ಓರೆ ಕಣ್ಣಲ್ಲಿ. ಆಸ್ಪತ್ರೆಯಿಂದ ಬಂದ ದಿನದಿಂದ ನೋಡ್ತಾ ಉಂಟು, ಅದಕ್ಕೇ ನಾನು ಒಳಗೆ ಕೂತದ್ದು. ಇದರಲ್ಲಿ ನೇರ ನೋಡ್ಲಿ."

ಚನಿಯಪ್ಪ ಎದ್ದು ಹಿತ್ತಲ ಕಡೆಗೆ ಹೋದರು. ಸಿಟ್ಟಾಗಿ ಹೋದರೆಂದೇ ಉಳಿದವರು ತಿಳಿದದ್ದು. ಅಂಗಳದಲ್ಲಿ ಫೋಟೋ ಶುರುವಾಯಿತು. ಕತ್ತಿನಿಂದ ಕೆಳಗೆ ಮಾತ್ರ ತೆಗೆಯುತ್ತೇನೆ, ಮುಖ ಬರುವುದಿಲ್ಲ ಎಂದು ಹಫ್ಸ ಸಮಾಧಾನ ಹೇಳಿದಳು.

"ತಲೆ ಇಲ್ಲದೆ ನಾನೆಂತ ಗೊಂಬೆಯಾ?" ಎಂದರು ಕಾವೇರಮ್ಮ. "ಮುಖ ಬರ್ಲಿ. ಸ್ವಲ್ಪ ನಿಲ್ಲು, ಬೊಟ್ಟು ಇಟ್ಟು ಬರ್ತೇನೆ."

ಗೋಡೆ ಹೊಗೆ ಹಿಡಿದದ್ದು, ಹಿಂದುಗಡೆ ಕಪ್ಪಾಗಿ ಬರುತ್ತಿದೆ ಎಂದು ಹಫ್ಸ ಪರದಾಡುತ್ತಿದ್ದಾಗ ಚನಿಯಪ್ಪ ವಾಪಸು ಬಂದರು. ಕೈಯಲ್ಲಿ ಮಗಳ ಬಾಣಂತನಕ್ಕೆ ತಂದಿದ್ದ ಬಿಳಿ ಬೆಡ್‌ಶೀಟ್ ಇತ್ತು. ಯಾರ ಮುಖವನ್ನೂ ನೋಡದೆ ಹೆಂಡತಿಯ ಹಿಂದೆ ಹೋಗಿ ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನಿಂತರು. ಫೋಟೋಗಳಲ್ಲಿ ಬಲ ಮೂಲೆಯಲ್ಲಿ ಅವರ ಬೆರಳುಗಳು ಕಾಣುತ್ತವೆ. ಹಫ್ಸ ಅದನ್ನು ಅಳಿಸಬಹುದಿತ್ತು, ಅಳಿಸಲಿಲ್ಲ.

ತಾಣದಲ್ಲಿ ಈಗ ಇರುವುದು ಆ ಫೋಟೋ. ಕಾವೇರಮ್ಮ ಎರಡೂ ಕೈ ಎತ್ತಿ ತಂತಿಯ ಮೇಲೆ ರಬ್ಬರ್ ಶೀಟು ಹಾಕುತ್ತಿದ್ದಾರೆ. ರವಿಕೆಯ ಒಂದು ಬದಿ ತುಂಬಿದೆ, ಇನ್ನೊಂದು ಬದಿ ಚಪ್ಪಟೆ. ನಗುತ್ತಿಲ್ಲ, ಮಾಡುವ ಕೆಲಸದ ಕಡೆಗೆ ಕಣ್ಣು. ಕೆಳಗಿನ ವಿವರದಲ್ಲಿ ಕಾಯಿಲೆಯ ಹೆಸರು ಎಲ್ಲೂ ಇಲ್ಲ. ಅದನ್ನು ಓದುವ ಮೆಷಿನ್ನಿಗೆ ಏನೂ ಸಿಗಲಿಲ್ಲ. ಬೇಕಾದವರಿಗೆ ಮಾತ್ರ ನೋಡಿದ ಕೂಡಲೇ ಗೊತ್ತಾಯಿತು. ರವಿಕೆಯ ಪ್ಯಾಟರ್ನ್ ಹುಡುಕುತ್ತಾ ಅದನ್ನು ಕಂಡ ಮಲೇಷ್ಯಾದ ಹೆಂಗಸೊಬ್ಬರು ಕೊಂಡರು, ತಮ್ಮ ಹಾಗಿನವರ ಗುಂಪಿನಲ್ಲಿ ಫೋಟೋ ಹಂಚಿದರು. ಆ ವಾರ ಹಫ್ಸಾಳ ಫೋನು ಸದ್ದು ಮಾಡುವುದು ನಿಲ್ಲಿಸಲಿಲ್ಲ. ಪಕ್ಕದಲ್ಲಿ ಮದುವೆ ಕಾಗದಕ್ಕೆ ಬಂದವರು, ಏನು ಅಷ್ಟೊಂದು ಮೆಸೇಜು, ಮದುವೆ ನಿಮ್ಮದೋ ನಮ್ಮದೋ ಎಂದು ಕೇಳಿದರಂತೆ.

ಅದೇ ಹೊತ್ತಿನಲ್ಲಿ ಗಿರಾಕಿಯೊಬ್ಬರ ಪತ್ರ ತಾಣದ ಮೂಲಕ ಬಂತು. ಅಚ್ಚುಕಟ್ಟಾದ ಇಂಗ್ಲಿಷು. ಮಾನ್ಯರೇ, ನಿಮ್ಮ ನಮೂನೆ ಎಡಬದಿಗೆ ಇದೆ, ನನ್ನದು ಬಲಬದಿ. ಹಾಳೆಯನ್ನು ಕವುಚಿ ಹಾಕಿದರೆ ಹುಕ್ಸಿನ ಪಟ್ಟಿ ತಪ್ಪು ಕಡೆಗೆ ಬರುತ್ತದೆ, ದಯವಿಟ್ಟು ಸಲಹೆ ನೀಡಿ ಎಂದು ಅದರ ಸಾರಾಂಶ. ಹಫ್ಸ ಓದಿ ಹೇಳಿದಾಗ ಚಿತ್ರಾ ಮೆಷಿನ್ ತುಳಿಯುವುದನ್ನು ನಿಲ್ಲಿಸಿದರು. ಅತ್ತಿಗೆಯದು ಎಡ. ಫೈಲೂ ಎಡ. ಬಲದವರು ಇರುತ್ತಾರೆಂಬುದು ಇಬ್ಬರಿಗೂ ಹೊಳೆದೇ ಇರಲಿಲ್ಲ. ಕೊಂಡವರಲ್ಲಿ ಎಷ್ಟು ಮಂದಿ ಹೇಳದೆ ಸುಮ್ಮನಾದರೋ. "ಮತ್ತೆ ಅದೇ ತಪ್ಪು," ಎಂದರು ಚಿತ್ರಾ. "ಕೇಳದೆ ಹೊಲಿದದ್ದು."

ಕಂಪ್ಯೂಟರಿನಲ್ಲಿ ಚಿತ್ರವನ್ನು ತಿರುಗಿಸುವುದು ಸುಲಭ. ಆದರೆ ರವಿಕೆಯ ಹುಕ್ಸ್ ತಿರುಗುವುದಿಲ್ಲ, ಅದು ಯಾವತ್ತಿನ ಕಡೆಗೇ ಬರಬೇಕು. ಮುಂಭಾಗವನ್ನು ಹೊಸದಾಗಿ ಬಿಡಿಸಿ, ಹೊಲಿದು ನೋಡಿ, ಮೊದಲು ಕೊಂಡಿದ್ದವರಿಗೆಲ್ಲ ಬಲಬದಿಯ ಫೈಲನ್ನು ದುಡ್ಡು ತೆಗೆದುಕೊಳ್ಳದೆ ಕಳಿಸಿದರು. ಪತ್ರ ಬರೆದವರಿಗೂ ಹೊಸದು ಬರುತ್ತದೆಂದು ಹಫ್ಸ ಉತ್ತರಿಸಿದ್ದಳು. ಅದಕ್ಕೆ ಅವರ ಮರುಪತ್ರ: ಅವಸರವಿಲ್ಲ, ಹೇಗೂ ಒಬ್ಬ ಟೈಲರ್ ಸಿಗಬೇಕು, ಮೂಡುಬಿದಿರೆಯಲ್ಲಿ ಈಗ ಎಲ್ಲರೂ ಶಾಲೆಯ ಸಮವಸ್ತ್ರದ ಗಡಿಬಿಡಿಯಲ್ಲಿದ್ದಾರೆ.

"ಚಿತ್ರಕ್ಕಾ!" ಎಂದು ಹಫ್ಸ ಕೂಗಿದ್ದು ಕೆಳಗಿನ ಹೋಟೆಲಿಗೂ ಕೇಳಿಸಿತು. ಯಾವುದೋ ದೂರದೇಶದವರೆಂದುಕೊಂಡ ಗಿರಾಕಿ ಇಲ್ಲೇ ಬಸ್ಸಿನ ದಾರಿಯಲ್ಲಿದ್ದರು.

ಫೋನ್ ನಂಬರ್ ತರಿಸಿಕೊಂಡು ಚಿತ್ರಾ ಕರೆ ಮಾಡಿದರು. ಆ ಕಡೆಯಿಂದ ಇಂಗ್ಲಿಷಿನಲ್ಲಿ ಹಲೋ ಎಂದವರು ಸರಸ ಟೀಚರ್, ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಎರಡನೆಯ ಮಾತಿಗೇ ಇಬ್ಬರೂ ತುಳುವಿಗೆ ಇಳಿದರು. ನೀವು ಮೆಲ್ಕಾರಿನವರಾ, ನಾನು ಲಂಡನಿನವರೆಂದು ಗ್ರಹಿಸಿದ್ದೆ ಎಂದು ಟೀಚರ್ ನಕ್ಕರು. ನಗು ನಿಂತ ಮೇಲೆ, "ಫೋಟೋದಲ್ಲಿ ಇರುವವರು ಯಾರು? ಅವರನ್ನು ನೋಡಬಹುದಾ?" ಎಂದು ಕೇಳಿದರು.

ಅತ್ತಿಗೆಯ ಪರವಾಗಿ ಹೂಂ ಎನ್ನಲು ಚಿತ್ರಾ ಹೋಗಲಿಲ್ಲ. ಕೇಳಿ ಹೇಳುತ್ತೇನೆ ಎಂದರು. ಕಾವೇರಮ್ಮ ಫೋನಿನಲ್ಲಿ ಕೇಳಿಸಿಕೊಂಡು, "ಪಾಪ, ಅವರನ್ನು ಈ ಗುಡ್ಡ ಹತ್ತಿಸುದು ಬೇಡ. ನಾನೇ ಅಲ್ಲಿಗೆ ಬರ್ತೇನೆ," ಎಂದರು.

ಆಸ್ಪತ್ರೆಗೆ ಬಿಟ್ಟರೆ ಬೇರೆಲ್ಲಿಗೂ ಹೋಗದವರು ಅವತ್ತು ಚನಿಯಪ್ಪನವರೊಂದಿಗೆ ಜೀಪು ಹತ್ತಿ, ಬೆಳ್ತಂಗಡಿಯಲ್ಲಿ ಬಸ್ಸು ಹಿಡಿದು ಮೆಲ್ಕಾರಿಗೆ ಬಂದಿಳಿದರು. ಸರಸ ಟೀಚರ್ ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ಅವರಿಗಿಂತ ಮೊದಲೇ ಬಂದು, ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಕೊಡೆ ಹಿಡಿದುಕೊಂಡು ಕುಳಿತಿದ್ದರು. ಇಬ್ಬರೂ ಭೇಟಿಯಾದಾಗ ಏನು ಮಾತಾಡಬಹುದೆಂದು ಚಿತ್ರಾ ಹಿಂದಿನ ದಿನದಿಂದ ಯೋಚಿಸಿದ್ದರು. ಕಾಯಿಲೆಯ ವಿಷಯ ಹೆಚ್ಚೇನೂ ಬರಲಿಲ್ಲ. ಬೆಳ್ತಂಗಡಿ ಕಡೆಯ ಯಾರೋ ಒಬ್ಬಳು ಟೀಚರಿಗೆ ವಿದ್ಯಾರ್ಥಿನಿಯಾಗಿದ್ದಳು, ಅವಳು ಕಾವೇರಮ್ಮನಿಗೂ ಗೊತ್ತು. ಅವಳ ಮದುವೆ, ಅವಳ ಅತ್ತೆ, ಅವಳ ಮನೆಯ ದನ, ಹೀಗೆ ಮಾತು ಸಾಗಿತು. ನಡುವೆ ಒಮ್ಮೆ ಟೀಚರ್ ಕೈಚಾಚಿ ಕಾವೇರಮ್ಮನ ತೋಳಿನ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಇಲ್ಲಿ ಒತ್ತುದಿಲ್ವಾ?" "ಇಲ್ಲ. ಬೇಕಾದ್ರೆ ಎತ್ತಿ ತೋರಿಸ್ತೇನೆ." ಅಷ್ಟೇ. ಚಿತ್ರಾ ಪರದೆ ಎಳೆದು ಟೀಚರ ಅಳತೆ ತೆಗೆದುಕೊಂಡರು.

ಟೀಚರ್ ಈಗ ಮೂಡುಬಿದಿರೆಯಲ್ಲಿ ಸುಮ್ಮನಿಲ್ಲ. ಹೊಲಿಯುವ ಕ್ರಮವನ್ನು ಕನ್ನಡಕ್ಕೆ ಬರೆದುಕೊಟ್ಟಿದ್ದಾರೆ. ಅದನ್ನು ಹಫ್ಸ ಮುದ್ರಿಸಿ, ಕೇಳಿ ಬಂದವರಿಗೆ ಹಣ ತೆಗೆದುಕೊಳ್ಳದೆ ಕೊಡುತ್ತಾಳೆ. ದೂರದೂರಿನವರು ಕೊಂಡದ್ದರಿಂದ ಕಾಗದದ ಖರ್ಚು ಹುಟ್ಟುತ್ತದೆ. ಹಾಗೆಂದು ಇದೇನೂ ಕೈತುಂಬ ವ್ಯಾಪಾರವಲ್ಲ. ಅಂಗಡಿಯ ಬಾಡಿಗೆ ಈಗಲೂ ಸಮವಸ್ತ್ರ ಮತ್ತು ಫಾಲ್ಸಿನಿಂದಲೇ ಹೋಗುತ್ತದೆ. ತಾಣದವರು ಮತ್ತೆ ಯಾವಾಗ ಏನನ್ನು ತೆಗೆದುಹಾಕುತ್ತಾರೋ ಎಂಬ ಅಳುಕು ಹಫ್ಸಾಳಿಗೆ ಇದ್ದೇ ಇದೆ. ಇದೇ ಫೈಲನ್ನು ಬೇರೆ ಯಾರೋ ತಮ್ಮ ಹೆಸರಿನಲ್ಲಿ ಮಾರುತ್ತಿರುವುದೂ ಕಣ್ಣಿಗೆ ಬಿದ್ದಿದೆ. ಹಫ್ಸ ದೂರು ಕೊಡಲು ಹೊರಟಾಗ ಚಿತ್ರಾ ತಡೆಯಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. "ಅವರ ಹತ್ತಿರ ಬಲದ್ದು ಉಂಟಾ ನೋಡು," ಎಂದು ಮಾತ್ರ ಕೇಳಿದರು. ಇರಲಿಲ್ಲ.

ಮೆಲ್ಕಾರಿನಲ್ಲಿ ಬಿಸಿಲು ಏರಿದೆ. ಕಾಲೇಜಿನ ಬಸ್ಸುಗಳು ನಿಂತು ಹೊರಡುತ್ತಿವೆ. ಚಿತ್ರಾ ಕತ್ತರಿಸಿದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಎಡದ್ದು ಬಲದ್ದು ಬೆರೆಯದಂತೆ ಬೇರೆ ಬೇರೆ ಬಣ್ಣದ ನೂಲಿನಿಂದ ಗುರುತು ಹಾಕುತ್ತಾರೆ. ಇದು ಚಿಕ್ಕ ವಯಸ್ಸಿನ ಹೆಂಗಸೊಬ್ಬಳ ಅಳತೆ. ಎಲ್ಲಿಯವಳು ಎಂದರೆ ಹೇಳುವುದಿಲ್ಲ. ಮೆಟ್ಟಿಲಿನಲ್ಲಿ ಹೆಜ್ಜೆಯ ಸದ್ದಾಗುತ್ತದೆ, ಮಗುವಿನ ಸಮವಸ್ತ್ರ ಹಿಡಿದು ಯಾರೋ ಬರುತ್ತಿದ್ದಾರೆ. ಇನ್ನು ಮುಂದೆ ಏನು ಆಸೆ ಎಂಬ ಪ್ರಶ್ನೆಗೆ ಅವರು ನೂಲು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ ಉತ್ತರಿಸುತ್ತಾರೆ.

"ಹೊಲಿಗೆ ಕ್ಲಾಸಿನಲ್ಲಿ ಫ್ರಾಕು ಕಲಿಸ್ತಾರೆ, ಚೂಡಿದಾರ ಕಲಿಸ್ತಾರೆ. ಅದರೊಟ್ಟಿಗೆ ಇದೊಂದನ್ನೂ ಕಲಿಸ್ಲಿ. ಊರಿಗೊಬ್ಬ ಟೈಲರಿಗೆ ಇದು ಬಂದ್ರೆ ಸಾಕು, ಮತ್ತೆ ಯಾರೂ ಇಂಟರ್ನೆಟ್ಟಲ್ಲಿ ಹುಡುಕುವ ಕೆಲಸ ಇಲ್ಲ. ಆಗ ನಮ್ಮ ಫೈಲು ಒಂದೂ ಹೋಗ್ಲಿಕ್ಕಿಲ್ಲ." ಬಾಗಿಲಲ್ಲಿ ನಿಂತ ಹೆಂಗಸಿಗೆ ಒಳಗೆ ಬರುವಂತೆ ಕೈಸನ್ನೆ ಮಾಡುತ್ತಾ ಚಿತ್ರಾ ಮಾತು ಮುಗಿಸುತ್ತಾರೆ. "ಹೋಗದಿದ್ರೆ ಒಳ್ಳೇದೇ ಅಲ್ವಾ? ನನಗೆ ಹೊಲೀಲಿಕ್ಕೆ ಬೇಕಾದಷ್ಟು ಉಂಟು."